ಸವತಿಯ ಮಗಳಿಗೆ ಭೌತಶಾಸ್ತ್ರ

ಜುಲೈ ೬, ಸೋಮವಾರ

ಹತ್ತನೇ ಕ್ಲಾಸಿಗೆ ಇವತ್ತು ಹೊಸದಾಗಿ ಒಬ್ಬಳು ಬಂದು ಸೇರಿದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಪಕ್ಕದಲ್ಲಿದ್ದ ತಂದೆಯ ಹೆಸರು ಓದಿದೆ. ಆ ಹೆಸರಿನವರು ಊರಿಗೆ ಹತ್ತು ಜನ ಸಿಗುತ್ತಾರೆ ಅಂದುಕೊಂಡು ತಲೆ ಎತ್ತಿದೆ. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ, ನಾಲಿಗೆಯನ್ನು ಒಳಗಿನಿಂದ ಕೆನ್ನೆಗೆ ಒತ್ತಿಕೊಂಡು ಏನೋ ಯೋಚಿಸುತ್ತಿದ್ದಳು. ಆ ಚಟವನ್ನು ಎರಡು ವರ್ಷ ಒಂದೇ ಮನೆಯಲ್ಲಿದ್ದು ನೋಡಿದವಳು ನಾನು. ಪೆನ್ನು ಕೈಯಲ್ಲೇ ನಿಂತುಬಿಟ್ಟಿತು.

"ನಿಮ್ಮಪ್ಪ ಏನ್ ಮಾಡ್ತಾರೆ?"

"ಫ್ಯಾನು, ಲೈಟು, ರೇಡಿಯೋ ಅಂಗಡಿ ಮಿಸ್. ಬಸ್ ಸ್ಟ್ಯಾಂಡ್ ಎದುರು. ಹೊಸದಾಗಿ ಹಾಕಿದೀವಿ."

ಸಾಕು. ಅವನೇ.

ಗಂಡ ಅನ್ನಿಸಿಕೊಂಡವನು ನನ್ನನ್ನು ಬಿಟ್ಟು ಹದಿನೇಳು ವರ್ಷವಾಯಿತು. ಕೋರ್ಟಿನಲ್ಲಿ ವಿಚ್ಛೇದನವಾದ ಮರುತಿಂಗಳೇ ಇನ್ನೊಬ್ಬಳನ್ನು ಕಟ್ಟಿಕೊಂಡ ಅಂತ ಕೇಳಿದ ಮೇಲೆ ಅಮ್ಮನನ್ನು ಕರೆದುಕೊಂಡು ಈ ಊರಿಗೆ ಬಂದೆ. ಯಾರಿಗೂ ನನ್ನ ಹಿಂದಿನ ಕಥೆ ಗೊತ್ತಿಲ್ಲ. ಈಗ ನೋಡಿದರೆ ಅವನೇ ಇಲ್ಲಿ ಅಂಗಡಿ ತೆರೆದಿದ್ದಾನೆ. ನಾನಿಲ್ಲಿದ್ದೇನೆ ಅಂತ ಗೊತ್ತಿದ್ದಿದ್ದರೆ ಈ ಊರಿನ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಗೊತ್ತಿಲ್ಲದೆ ಮಗಳನ್ನು ತಂದು ನನ್ನ ಕೈಗೇ ಒಪ್ಪಿಸಿದ್ದಾನೆ.

ಅಮ್ಮನಿಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಸವತಿ ಮಗಳು! ಕೊನೆಗೂ ದೇವರು ಕಣ್ಣು ಬಿಟ್ಟ ನೋಡು." ಮತ್ತೆ ಚಾಕು ಎತ್ತಿಕೊಂಡು ಕೇಳಿದಳು, "ನಿನ್ನ ವಿಷಯದಲ್ಲಿ ಫೇಲ್ ಮಾಡಿಸೋದು ಕಷ್ಟಾನಾ?"

"ಇಲ್ಲಮ್ಮ. ಅರ್ಧ ಕ್ಲಾಸು ನಾನು ಏನೂ ಮಾಡದೇನೇ ಫೇಲಾಗುತ್ತೆ," ಅಂದೆ.

ಜುಲೈ ೭, ಮಂಗಳವಾರ

ನಿದ್ದೆ ಸರಿಯಾಗಿ ಬರಲಿಲ್ಲ. ಆ ದಿನ ಪದೇ ಪದೇ ಕಣ್ಣಮುಂದೆ ಬಂತು.

ಅವನ ಅಂಗಡಿಯಲ್ಲಿ ಒಬ್ಬ ಗಿರಾಕಿ ಫ್ಯಾನು ಕೊಳ್ಳುತ್ತಿದ್ದ. "ಸ್ಪೀಡ್ ಕಮ್ಮಿ ಇಟ್ಟರೆ ಕರೆಂಟು ಅರ್ಧಕ್ಕರ್ಧ ಉಳಿಯುತ್ತೆ" ಅಂತ ಇವನು ಹೇಳಿದ. ನಾನು ಸುಮ್ಮನಿರಬೇಕಿತ್ತು. "ಈ ರೆಗ್ಯುಲೇಟರಲ್ಲಿ ಹಾಗೆ ಉಳಿಯಲ್ಲ, ಒಳಗಿನ ತಂತಿ ಸುರುಳಿ ಬಿಸಿಯಾಗಿ ಸುಮಾರು ಅಲ್ಲೇ ವ್ಯರ್ಥ ಆಗುತ್ತೆ" ಅಂದುಬಿಟ್ಟೆ. ಗಿರಾಕಿ ನಕ್ಕು, "ಆಮೇಲೆ ಬರ್ತೀನಿ" ಅಂತ ಹೊರಟುಹೋದ. "ನನಗೆ ಬೇಕಾಗಿದ್ದು ಹೆಂಡತಿ. ಮೇಷ್ಟ್ರು ಅಲ್ಲ," ಅಂತ ಆ ರಾತ್ರಿಯೇ ಅಂದ. ಆಮೇಲೆ ಒಂದೊಂದಕ್ಕೂ ಅದೇ ಮಾತು. ಕೊನೆಗೆ ಒಂದು ದಿನ ನನ್ನ ಪೆಟ್ಟಿಗೆಯನ್ನು ಅವನೇ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದ.

ಈಗ ನೋಡಲಿ, ಮೇಷ್ಟ್ರು ಅಂದರೆ ಏನು ಅಂತ.

ಜುಲೈ ೧೬, ಗುರುವಾರ

ಅಲೆಗಳ ಪಾಠ. ಬೇಕೆಂದೇ ಅವನ ಮಗಳನ್ನು ಎಬ್ಬಿಸಿದೆ.

"ಅಲೆ ಅಂದ್ರೇನು?"

"ನೀರು ಮುಂದೆ ಹೋಗೋದು ಮಿಸ್."

ಕ್ಲಾಸೆಲ್ಲ ನಗಲಿ ಅಂತ ಜೋರಾಗಿ ನಕ್ಕೆ. ನಕ್ಕರು. ಹಗ್ಗದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಕೋಣೆಯ ಆ ಕೊನೆಗೆ ನಿಲ್ಲಿಸಿದೆ. ನಡುವೆ ಒಂದು ಕೆಂಪು ರಿಬ್ಬನ್ ಕಟ್ಟಿ, ಈ ತುದಿ ಹಿಡಿದು ಒಂದು ಸಲ ಬಲವಾಗಿ ಜಾಡಿಸಿದೆ. ಅವಳ ಕೈ ಎಗರಿತು, ಮುಗ್ಗರಿಸಿದಳು. ಮತ್ತೆ ನಗು. ಹೊಟ್ಟೆ ತಣ್ಣಗಾಯಿತು.

ಅವಳು ಹಗ್ಗ ಬಿಡಲಿಲ್ಲ. ನಾಲಿಗೆ ಕೆನ್ನೆಗೆ ಒತ್ತಿಕೊಂಡು ನಿಂತಳು. "ಮಿಸ್, ರಿಬ್ಬನ್ ಇದ್ದಲ್ಲೇ ಎದ್ದು ಕೂತ್ಕೊಳ್ತು. ಹಗ್ಗಾನೂ ನನ್ನ ಕಡೆ ಬರಲಿಲ್ಲ. ಆದ್ರೆ ನೀವು ಅಲ್ಲಿ ಜಾಡಿಸಿದ್ದು ನನ್ನ ಕೈಗೆ ಬಂತು. ಹಾಗಾದ್ರೆ ಬಂದಿದ್ದು ಏನು?"

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಆ ಪ್ರಶ್ನೆಯನ್ನು ನಾನೇ ಕೇಳಿ ನಾನೇ ಉತ್ತರ ಹೇಳಿಕೊಳ್ಳುವುದು ವಾಡಿಕೆ. ಯಾರೂ ತಾವಾಗಿ ಕೇಳಿದ್ದಿಲ್ಲ. ಮೈಯೆಲ್ಲ ಉರಿಯಿತು. ಅಷ್ಟು ಒಳ್ಳೆಯ ಪ್ರಶ್ನೆ ಕೇಳುವ ಹಕ್ಕನ್ನು ಅವನ ಮಗಳಿಗೆ ಕೊಟ್ಟವರು ಯಾರು?

"ಶಕ್ತಿ. ಕೂತ್ಕೋ," ಅಂದೆ.

ಆಗಸ್ಟ್ ೧೨, ಬುಧವಾರ

ಮೊದಲ ಪರೀಕ್ಷೆ. ಅವನ ಮಗಳಿಗೆ ಇಪ್ಪತ್ತೈದಕ್ಕೆ ಒಂಬತ್ತು. ಬೇರೆಯವರಿಗೆ ಕಣ್ಣುಮುಚ್ಚಿ ಬಿಟ್ಟಿದ್ದನ್ನೆಲ್ಲ ಅವಳಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಲೆಕ್ಕ ಸರಿ, ಹರ್ಟ್ಜ್ ಅಂತ ಬರೆದಿಲ್ಲ: ಅಂಕ ಕಟ್. ಚಿತ್ರದಲ್ಲಿ ಬಾಣದ ಗುರುತಿಲ್ಲ: ಕಟ್.

ಬಿಡುವಿನಲ್ಲಿ ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅಳುತ್ತಾಳೆ ಅಂತ ಕಾದೆ.

"ಮಿಸ್, ಬರೀ 'ಐವತ್ತು' ಅಂತ ಬರೆದ್ರೆ ತಪ್ಪಾ?"

"ಐವತ್ತು ಏನು? ಐವತ್ತು ಬಾಳೆಹಣ್ಣಾ, ಐವತ್ತು ಕತ್ತೆಗಳಾ?"

ಅಳಲಿಲ್ಲ. ನಕ್ಕುಬಿಟ್ಟಳು. "ಅರ್ಥ ಆಯ್ತು ಮಿಸ್" ಅಂತ ಓಡಿದಳು.

ಪಕ್ಕದಲ್ಲಿದ್ದ ಕೆಮಿಸ್ಟ್ರಿಯವಳು ಕನ್ನಡಕದ ಮೇಲಿಂದ ನೋಡಿದಳು. "ಆ ಮಗು ಮೇಲೆ ನಿನಗೆ ಯಾಕೆ ಅಷ್ಟು ಕಣ್ಣು? ಮಕ್ಕಳು ನಿನ್ನ ಶಾಕ್ ಮಿಸ್ ಅಂತಾರೆ, ಗೊತ್ತಾ?"

ಗೊತ್ತು. ಆ ಹುಡುಗಿಗೆ ಶಾಕ್ ಇನ್ನೂ ಸರಿಯಾಗಿ ತಗುಲಿಲ್ಲ.

ಸೆಪ್ಟೆಂಬರ್ ೨೧, ಸೋಮವಾರ

ಲೆಕ್ಕ ತಪ್ಪಾಗಿದ್ದೇ ನೆವ. ಆ ಹುಡುಗಿಗೆ ಶಾಲೆ ಬಿಟ್ಟ ಮೇಲೆ ಲ್ಯಾಬಿನಲ್ಲಿ ಉಳಿಯುವ ಶಿಕ್ಷೆ ಕೊಟ್ಟೆ. ವಾರವಿಡೀ. ಕಪಾಟಿನಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿದ್ದ ತಂತಿಗಳನ್ನೆಲ್ಲ ಬಿಡಿಸಿಡಬೇಕು. ಕತ್ತೆಚಾಕರಿ.

ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ತಲೆ ಎತ್ತಿ ನೋಡಿದರೆ ತಂತಿ ಎಲ್ಲ ಬಿಡಿಸಿಟ್ಟು, ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಸೆಲ್ಲಿಗೆ ಜೋಡಿಸಿಕೊಂಡು ಕೂತಿದ್ದಳು. ಎರಡೂ ಮಂಕಾಗಿ ಉರಿಯುತ್ತಿದ್ದವು.

"ಯಾರು ಮುಟ್ಟು ಅಂದಿದ್ದು?"

"ತಪ್ಪಾಯ್ತು ಮಿಸ್. ಅಂಗಡೀಲಿ ಅಪ್ಪ ಏನೂ ಮುಟ್ಟೋಕೆ ಬಿಡಲ್ಲ. ಹೆಣ್ಣು ಹುಡುಗಿ, ವೈರಿನ ಸಹವಾಸ ಯಾಕೆ ಅಂತಾರೆ."

ನನಗೂ ಹಾಗೇ ಅನ್ನುತ್ತಿದ್ದ. ಫ್ಯೂಸ್ ಹೋದರೆ ಅವನು ಬರುವವರೆಗೂ ಕತ್ತಲಲ್ಲೇ ಕೂತಿರಬೇಕಿತ್ತು.

"ಹೀಗೆ ಜೋಡಿಸಿದ್ರೆ ಮಂಕಾಗೇ ಉರಿಯೋದು," ಅಂದೆ. "ಒಂದರ ಪಕ್ಕ ಒಂದು ಹಾಕು. ಇಬ್ಬರಿಗೂ ಬೇರೆ ಬೇರೆ ದಾರಿ ಮಾಡಿಕೊಡು."

ಮಾಡಿದಳು. ಎರಡೂ ಬಲ್ಬು ಪಳಪಳ ಉರಿದವು. ಅವಳ ಮುಖ ನೋಡಿದೆ. ಬೇಕೆಂದೇ ಒಂದು ಬಲ್ಬು ಬಿಚ್ಚಿದೆ. "ಈಗ ಇನ್ನೊಂದು ಯಾಕೆ ಆರಲಿಲ್ಲ ಹೇಳು, ಹೇಳದೆ ಮನೆಗೆ ಹೋಗಬೇಡ."

ಹೇಳಿದಳು. ನಾಳೆ ಇನ್ನೂ ಕಷ್ಟದ್ದು ಕೊಡಬೇಕು. ಅಪ್ಪ ಮುಟ್ಟಬೇಡ ಅಂದಿದ್ದನ್ನೆಲ್ಲ ಅವಳ ಕೈಯಲ್ಲೇ ಮುಟ್ಟಿಸಬೇಕು. ಅವನಿಗೆ ಗೊತ್ತಾದಾಗ ಹೊಟ್ಟೆ ಉರಿದು ಸಾಯಲಿ.

ನವೆಂಬರ್ ೫, ಗುರುವಾರ

ಆ ಹುಡುಗಿಗೆ ಜ್ವರವಂತೆ, ಈ ವಾರ ಪೂರ್ತಿ ಬಂದಿಲ್ಲ. ಪ್ರಶ್ನೆ ಕೇಳಿದರೆ ಉಳಿದವೆಲ್ಲ ಗೋಡೆ ನೋಡುತ್ತವೆ. ಬೈಯಲೂ ಮನಸ್ಸಿಲ್ಲ. ಬರೆಯುವಂಥದ್ದೇನೂ ಇಲ್ಲ.

ಡಿಸೆಂಬರ್ ೩, ಗುರುವಾರ

ಕಣ್ಣಿಗೆ ಕಾಣದ ವಿಕಿರಣದ ಪಾಠಕ್ಕೆ ಮನೆಯಿಂದ ಟೀವಿ ರಿಮೋಟು ಒಯ್ದಿದ್ದೆ. ಧಾರಾವಾಹಿಯ ಹೊತ್ತಿಗೆ ವಾಪಸ್ ತರುತ್ತೇನೆ ಅಂತ ಆಣೆ ಮಾಡಿಸಿಕೊಂಡೇ ಅಮ್ಮ ಕೊಟ್ಟಳು.

ರಿಮೋಟಿನ ಮೂತಿಯನ್ನು ಮಕ್ಕಳ ಕಡೆ ಹಿಡಿದು ಗುಂಡಿ ಒತ್ತಿದೆ. "ಏನಾದ್ರೂ ಕಾಣ್ತಾ?" ಇಲ್ಲ. ಈಗ ಫೋನಿನ ಕ್ಯಾಮೆರಾದಲ್ಲಿ ನೋಡಿ ಅಂತ ಕೆಮಿಸ್ಟ್ರಿಯವಳ ಹೊಸ ಫೋನು ಹಿಡಿದೆ. ಅದರಲ್ಲೂ ಏನೂ ಕಾಣಲಿಲ್ಲ. ಮಕ್ಕಳು ಕಿಸಕ್ ಅಂದವು. ಮುಖ ಬಿಸಿಯಾಯಿತು.

"ಮಿಸ್, ಮುಂದಿನ ಕ್ಯಾಮೆರಾದಲ್ಲಿ ನೋಡೋಣ್ವಾ?" ಅಂದಳು ಹುಡುಗಿ. "ಹಿಂದಿನದಕ್ಕೆ ಆ ಬೆಳಕು ತಡೆಯೋ ಗಾಜು ಏನಾದ್ರೂ ಹಾಕಿರಬಹುದು."

ತಿರುಗಿಸಿ ಹಿಡಿದೆ. ರಿಮೋಟಿನ ತುದಿಯಲ್ಲಿ ನೇರಳೆ ಚುಕ್ಕೆಯೊಂದು ಮಿಣುಕಿತು. ಕ್ಲಾಸೆಲ್ಲ ಹೋ ಅಂತು. ಬೆಂಚು ಹತ್ತಿದವು. ಬೆಲ್ಲು ಹೊಡೆದರೂ ಯಾರೂ ಹೊರಗೆ ಹೋಗಲಿಲ್ಲ.

ಅವಳಿಗೆ ಶಹಭಾಸ್ ಅನ್ನಲಿಲ್ಲ. ಅವಳು ಯಾರ ಮಗಳು ಅನ್ನೋದನ್ನು ಮಾತ್ರ ಮರೆತಿಲ್ಲ. ರೇಡಿಯೋದಿಂದ ಎಕ್ಸ್‌ರೇವರೆಗೆ ಎಲ್ಲ ಅಲೆಗಳನ್ನೂ ಸಾಲಾಗಿ ಬರೆದುಕೊಂಡು ಬಾ ಅಂದೆ. ಸಂಜೆಯೊಳಗೆ ತಂದಳು. ಒಂದೊಂದರ ಎದುರೂ ಅದು ಎಲ್ಲಿ ಕೆಲಸಕ್ಕೆ ಬರುತ್ತೆ ಅಂತಾನೂ ಬರೆದಿದ್ದಳು. ನಾನು ಹೇಳಿರಲಿಲ್ಲ.

"ಇವತ್ತಾದ್ರೂ ಅತ್ತಳಾ?" ಅಂತ ಅಮ್ಮ ರಿಮೋಟು ಕಿತ್ತುಕೊಂಡಳು.

"ಎಲ್ಲಿ ಅಳ್ತಾಳೆ. ಬಲು ಘಾಟಿ."

"ನಿನ್ನ ಹಾಗೇ," ಅಂದಳು ಅಮ್ಮ, ಟೀವಿ ನೋಡುತ್ತಾ.

ಜನವರಿ ೨೩, ಶನಿವಾರ

ಪಾಲಕರ ಸಭೆ. ಅವನೇ ಬರುತ್ತಾನೆ ಅಂತ ರಾತ್ರಿಯೆಲ್ಲ ಮಾತು ಮಸೆದಿಟ್ಟುಕೊಂಡಿದ್ದೆ. ಬಂದವಳು ಅವಳು. ನನ್ನ ಸವತಿ.

ಇಷ್ಟು ವರ್ಷ ನನ್ನ ತಲೆಯೊಳಗೆ ಒಬ್ಬ ಮಿಟಕಲಾಡಿ ಇದ್ದಳು. ಇವಳು ದುಂಡಗಿನ ಮುಖದ, ಮೊಣಕಾಲು ನೋವಿನ ಹೆಂಗಸು. ಮಕ್ಕಳ ಬೆಂಚಿನಲ್ಲಿ ಇಕ್ಕಟ್ಟಾಗಿ ಕೂತು, "ಮನೇಲಿ ನಿಮ್ಮದೇ ಜಪ ಮಿಸ್," ಅಂದಳು. "ಮಿಸ್ ಹೀಗಂದ್ರು, ಮಿಸ್ ಹಾಗಂದ್ರು. ಮುಂದೆ ಸೈನ್ಸೇ ಓದಬೇಕಂತೆ. ನಮ್ಮ ಯಜಮಾನ್ರು ಒಪ್ಪಲ್ಲ."

"ಯಾಕೆ?"

"ಓದಿದ ಹೆಣ್ಣು ಮಕ್ಕಳಂದ್ರೆ ಅವರಿಗೆ ಯಾಕೋ ಆಗಲ್ಲ. ಅವರು ಮದುವೇನೇ ಬೇಡ ಅಂತ ಇದ್ದೋರಂತೆ ಮಿಸ್. ನನ್ನ ನೋಡಿದ ಮೇಲೇ ಮನಸ್ಸು ಮಾಡಿದ್ದು." ಹೇಳುತ್ತಾ ನಾಚಿಕೊಂಡಳು.

ಮೊದಲು ನನಗೆ ಅರ್ಥವೇ ಆಗಲಿಲ್ಲ. "ಅದಕ್ಕೂ ಮೊದಲು...?"

"ಮೊದಲು ಏನೂ ಇಲ್ಲ. ಒಂಟಿಯಾಗೇ ಇದ್ರು ಪಾಪ."

ಒಂಟಿಯಾಗಿದ್ದನಂತೆ. ನನ್ನನ್ನು ಬಿಟ್ಟಿದ್ದು ಇವಳಿಗೋಸ್ಕರ ಅಂತ ಇಷ್ಟು ವರ್ಷ ಇವಳಿಗೆ ಶಾಪ ಹಾಕಿದ್ದೆ. ಇವಳಿಗೆ ನಾನು ಇದ್ದೆ ಅನ್ನುವುದೇ ಗೊತ್ತಿಲ್ಲ. ನನ್ನನ್ನು ಹೊರಗೆ ಹಾಕಿದ್ದು ಸಾಲದು ಅಂತ ಹಲಗೆ ಒರೆಸಿದ ಹಾಗೆ ಒರೆಸಿಬಿಟ್ಟಿದ್ದಾನೆ. ಆ ಎರಡು ವರ್ಷ ನಾನು ಬೇಯಿಸಿದ್ದು, ಅವನ ಜ್ವರಕ್ಕೆ ಎದ್ದು ಕೂತಿದ್ದು, ಬೈಸಿಕೊಂಡಿದ್ದು, ಎಲ್ಲ "ಏನೂ ಇಲ್ಲ".

ಅವಳು ಹೋದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ಹದಿನೇಳು ವರ್ಷದಲ್ಲಿ ಇದೇ ಮೊದಲು.

ಬಿಡಲ್ಲ. ಅವನ ಕರುಳಿಗೇ ಕೈ ಹಾಕುತ್ತೇನೆ.

ಫೆಬ್ರವರಿ ೧೭, ಬುಧವಾರ

ನಾಳೆ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಎಲ್ಲರಿಗೂ ಒಂದೇ ಪ್ರಯೋಗ, ಓಮನ ನಿಯಮ. ತಂತಿಗೆ ವೋಲ್ಟೇಜು ಹೆಚ್ಚಿಸುತ್ತಾ ಹೋಗಬೇಕು, ಕರೆಂಟು ಎಷ್ಟೆಷ್ಟು ಅಂತ ಮೀಟರಿನಲ್ಲಿ ಓದಿ ಗ್ರಾಫು ಎಳೆಯಬೇಕು. ನೇರ ಗೆರೆ ಬರಬೇಕು.

ಕಪಾಟಿನಲ್ಲಿ ಒಂದು ಕೆಟ್ಟ ಮೀಟರಿದೆ. ಮುಳ್ಳು ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳು ಕೊನೆಗೆ ಸೇರಿದವಳು, ಕೊನೆಯ ನಂಬರು, ಮೂಲೆಯ ಮೇಜು.

ಮೀಟರನ್ನು ಒರೆಸಿ ಆ ಮೇಜಿನ ಮೇಲಿಟ್ಟು ಬಂದೆ.

ಫೆಬ್ರವರಿ ೧೮, ಗುರುವಾರ

ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಅವಳು ಜೋಡಣೆ ಮಾಡಿದ್ದು ನನ್ನದರಷ್ಟೇ ಚೆನ್ನಾಗಿತ್ತು. ಮೊದಲ ಅಳತೆಗಳು ಸರಿ ಬಂದವು. ಆಮೇಲೆ ಮುಳ್ಳು ನಿಂತಿತು. ಎಲ್ಲ ತಂತಿಗಳನ್ನೂ ಬಿಗಿ ಮಾಡಿ ನೋಡಿದಳು. ನಾಲಿಗೆ ಕೆನ್ನೆಗೆ ಒತ್ತಿತು. ಗಾಜಿನ ಮೇಲೆ ಬೆರಳಿಂದ ತಟ್ಟಿದಳು, ಮುಳ್ಳು ಹಾರಿತು. ಕೈ ಎತ್ತಿದಳು.

"ಸರ್, ಈ ಮೀಟರ್ ಸಿಕ್ಕಿಕೊಳ್ತಿದೆ."

ಪರೀಕ್ಷಕ ಗಡಿಯಾರ ನೋಡಿಕೊಂಡ. "ಇದ್ದಿದ್ರಲ್ಲೇ ಮಾಡಮ್ಮ."

ಉತ್ತರ ಏನು ಬರಬೇಕು ಅಂತ ಮಕ್ಕಳಿಗೆಲ್ಲ ಗೊತ್ತು. ಪಕ್ಕದ ಮೇಜಿನವಳು ಮೀಟರು ನೋಡದೇನೇ ಅಂಕಿ ಬರೆದು ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ಇವಳೂ ಹಾಗೇ ಮಾಡಲಿ ಅಂತ ನಾನು ಕಾದೆ. ಮಾಡು ಅಂತ ಒಳಗೊಳಗೇ ಬೇಡಿಕೊಂಡೆ ಅಂತಲೂ ಕಾಣುತ್ತೆ. ಅವಳು ಕಂಡಷ್ಟನ್ನೇ ಬರೆದಳು. ಗ್ರಾಫು ನಡುವೆ ಮುರಿದ ಮೊಣಕೈ ಥರ ಬಂತು. ಕೆಳಗೆ ಬರೆದಳು: "ಮುಳ್ಳು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ಮೂರು ಬಿಂದುಗಳನ್ನು ನಂಬುವಂತಿಲ್ಲ."

ಪರೀಕ್ಷಕ ಹಾಳೆ ನೋಡಿ, "ಗ್ರಾಫೇ ತಪ್ಪಲ್ಲ," ಅಂತ ಕೆಂಪು ಪೆನ್ನು ತೆರೆದ.

"ಸರ್, ಆ ಮೀಟರು ಕೆಟ್ಟಿದೆ," ಅಂದೆ. "ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ."

"ಗೊತ್ತಿದ್ದೂ ಇಟ್ರಾ? ನಾನು ವರದಿ ಬರೀಬೇಕಾಗುತ್ತೆ ಮೇಡಂ."

"ಬರೀರಿ. ಅವಳಿಗೆ ಬೇರೆ ಮೀಟರು, ಬೇರೆ ಸಮಯ ಕೊಡಿ."

ಕೊಟ್ಟರು. ಪೂರ್ತಿ ಅಂಕ ಬಂತು.

ನಾನು ಬಾಯಿ ಬಿಟ್ಟಿದ್ದು ಅವಳಿಗೋಸ್ಕರ ಅಲ್ಲ. ಸುಳ್ಳು ಗ್ರಾಫಿಗೆ ಪೂರ್ತಿ ಅಂಕ, ನಿಜವಾದದ್ದಕ್ಕೆ ಸೊನ್ನೆ ಅಂತಾದರೆ ನನ್ನ ವಿಷಯಕ್ಕೇ ಅವಮಾನ. ಅಷ್ಟೆ.

ಹೊರಗೆ ಬಂದ ಮೇಲೆ ಓಡಿ ಬಂದಳು. "ಮಿಸ್, ನನ್ನ ಪರೀಕ್ಷೆ ಮಾಡೋಕೆ ತಾನೇ ಇಟ್ಟಿದ್ದು? ಕಂಡುಹಿಡೀತೀನಾ ಅಂತ?"

ಆ ಮುಖ ನೋಡಿಕೊಂಡು ನಿಜ ಹೇಳಲು ಆಗಲಿಲ್ಲ. "ಹೋಗು, ಬಸ್ ತಪ್ಪುತ್ತೆ," ಅಂದೆ.

ಫೆಬ್ರವರಿ ೧೯, ಶುಕ್ರವಾರ

ಹೆಡ್ ಮಿಸ್ ಕೈಯಿಂದ ಮೆಮೋ ಬಂತು. ಈ ವರ್ಷ ಬಡ್ತಿ ಇಲ್ಲ. ಇದಕ್ಕೂ ಅವನೇ ಕಾರಣ.

ಮೇ ೧೭, ಮಂಗಳವಾರ

ಫಲಿತಾಂಶ ಬಂದು ನಾಲ್ಕು ದಿನವಾಯಿತು. ಭೌತಶಾಸ್ತ್ರದಲ್ಲಿ ಶಾಲೆಗೇ ಮೊದಲಿಗಳು ನಮ್ಮ ಹುಡುಗಿ. ಇವತ್ತು ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ ಅವನು ಬಂದ.

ತಲೆಗೆ ಬಣ್ಣ ಹಚ್ಚಿದ್ದಾನೆ. ಬುಡದಲ್ಲಿ ಬಿಳಿ ಇಣುಕುತ್ತಿತ್ತು.

"ಕ್ಲಾಸಿನ ಫೋಟೋ ತಂದು ತೋರಿಸಿದಳು. ಅದರಲ್ಲಿ ನಿನ್ನ ನೋಡಿದೆ," ಅಂದ. "ಹೇಗಿದೀಯ?"

"ಬಂದ ಕೆಲಸ ಹೇಳಿ."

"ಅವಳಿಗೆ ಸೈನ್ಸ್ ಬೇಕಂತೆ. ಅಂಗಡಿ ನೋಡಿಕೊಳ್ಳೋಕೆ ಕಾಮರ್ಸ್ ಸಾಕು ಅಂದ್ರೆ ಊಟ ಬಿಟ್ಟು ಕೂತಿದಾಳೆ. ನಿನ್ನೆ ಸ್ವಿಚ್ಚು ತಾನೇ ಬಿಚ್ಚಿ ರಿಪೇರಿ ಮಾಡಿದಳು, ನನ್ನ ಕೇಳದೆ! ಎಲ್ಲ ನಿನ್ನದೇ ಕಿತಾಪತಿ. ನನ್ನ ಮೇಲಿನ ಸೇಡಿಗೆ ಮಗಳ ತಲೆ ಕೆಡಿಸಿದೀಯ."

"ಹೌದು," ಅಂದೆ. "ಸೇಡಿಗೇ."

ಇಲ್ಲ ಅಂತೀನಿ ಅಂತ ಕಾದಿದ್ದ ಅಂತ ಕಾಣುತ್ತೆ.

"ಅವಳನ್ನ ಸೈನ್ಸಿಗೆ ಸೇರಿಸು. ಇಲ್ಲಾಂದ್ರೆ ನಾಳೆ ನಿನ್ನ ಮನೆಗೇ ಬರ್ತೀನಿ. ನಿನ್ನ ಹೆಂಡತಿ ಪಕ್ಕ ಕೂತ್ಕೊಂಡು, ಮದುವೇನೇ ಬೇಡ ಅಂತಿದ್ದ ಗಂಡಸಿನ ಕಥೆ ಪೂರ್ತಿ ಹೇಳ್ತೀನಿ. ಮಗಳಿಗೂ ಹೇಳ್ತೀನಿ." ಹುಟ್ಟಿದಾರಭ್ಯ ಮೊದಲ ಸಲ ಅವನನ್ನು 'ನೀನು' ಅಂದಿದ್ದೆ. ನಾಲಿಗೆಗೆ ಎಷ್ಟು ಹಾಯಾಗಿತ್ತು!

ಅವನು ಸ್ಟೂಲು ಎಳೆದುಕೊಂಡು ಕೂತ. "ಸೇರಿಸಿದ್ರೆ?" ಅಂದ.

"ಬಾಯಿ ಬಿಡಲ್ಲ."

"ಯಾವತ್ತೂ?"

"ಯಾವತ್ತೂ."

"ಅವಳಿಗೂ? ನೀನು ಯಾರು ಅಂತ?"

ಅವಳ ಎದುರು ನಿಂತು, ನಿಮ್ಮಪ್ಪ ಎಂಥವನು ಗೊತ್ತಾ ಅಂತ ಹೇಳುವ ದಿನವನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆ. ಅದೊಂದು ದಿನಕ್ಕೆ ಅಂತಲೇ ಎಲ್ಲ ಉಳಿಸಿಟ್ಟುಕೊಂಡಿದ್ದೆ.

"ಅವಳಿಗೆ ನಾನು ಮಿಸ್," ಅಂದೆ. "ಇನ್ನೂ ಒಂದಿದೆ. ಪ್ರತಿ ಭಾನುವಾರ ನನ್ನ ಮನೆಗೆ ಕಳಿಸಬೇಕು. ಲೆಕ್ಕ ಮಾಡಿಸಬೇಕು. ಮುಂದಿನ ಓದು ಹುಡುಗಾಟ ಅಲ್ಲ."

ತಲೆ ಆಡಿಸಿ ಎದ್ದು ಹೋದ. ಬಾಗಿಲಲ್ಲಿ ಒಂದು ಸಲ ತಿರುಗಿದ. ಏನೋ ಹೇಳುವವನಿದ್ದ. ನಾನು ಮೀಟರು ಒರೆಸುತ್ತಿದ್ದೆ.

ಅಮ್ಮ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಇದ್ದದ್ದೊಂದು ಅಸ್ತ್ರ ಕೊಟ್ಟು ಬಂದೆಯಲ್ಲೇ! ಹಾಗಾದ್ರೆ ಗೆದ್ದಿದ್ದು ಯಾರು?"

"ನಾನೇ," ಅಂದೆ. ಇನ್ಯಾರು?

ಮೇ ೨೨, ಭಾನುವಾರ

ಅವನ ಅಂಗಡಿಗೆ ವಾರದಲ್ಲಿ ರಜಾ ಇರುವುದು ಇದೊಂದೇ ದಿನ. ಮಗಳ ಜೊತೆ ಕೂರುವುದಕ್ಕೆ ಅವನಿಗೆ ಸಿಗುವುದೂ ಇದೊಂದೇ ದಿನ. ಅದನ್ನೂ ಕಿತ್ತುಕೊಂಡೆ.

ಬೆಳಿಗ್ಗೆಯೇ ಬಂದಳು. ಅಮ್ಮ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. ಏನು ಅಂದುಬಿಡುತ್ತಾಳೋ ಅಂತ ನಾನೂ ಬಾಗಿಲಿಗೆ ಓಡಿದೆ. "ಎಷ್ಟು ಸೊರಗಿದೀಯ ಮಗೂ," ಅಂದಳು ಅಮ್ಮ. "ಮನೇಲಿ ಊಟ ಹಾಕಲ್ವಾ?"

ಕಿಟಕಿಯ ಹತ್ತಿರ ಅವಳಿಗೆ ಮೇಜು ಹಾಕಿಕೊಟ್ಟೆ, ಅಲ್ಲಿ ಬೆಳಕು ಚೆನ್ನಾಗಿದೆ. ಒಂದೇ ಲೆಕ್ಕವನ್ನು ನಾಲ್ಕು ಸಲ ಮಾಡಿಸಿದೆ. ಮೂರನೇ ಸಲಕ್ಕೆ ನನ್ನ ತಪ್ಪನ್ನೇ ಹಿಡಿದಳು. ಬೈದೆ. ನಕ್ಕಳು. ಮಧ್ಯಾಹ್ನ ಅಮ್ಮ ಕೇಳದೇನೇ ಮೂರು ತಟ್ಟೆ ಇಟ್ಟಳು. ನಾನು ಅವಳ ಮುಖ ನೋಡಿದ್ದಕ್ಕೆ, "ಖಾಲಿ ಹೊಟ್ಟೇಲಿ ಇದ್ದೋರಿಗೆ ಬೈದರೆ ನಾಟಲ್ಲ ಕಣೇ," ಅಂತ ಪಿಸುಗುಟ್ಟಿದಳು.

ಸಂಜೆ ಹೊರಡುತ್ತೇನೆ ಅಂದವಳಿಗೆ ಇನ್ನೊಂದು ಲೆಕ್ಕ ಕೊಟ್ಟೆ. ಅದು ಮುಗಿದ ಮೇಲೆ ಇನ್ನೊಂದು. ದೀಪ ಹಾಕುವವರೆಗೂ ಬಿಡಲಿಲ್ಲ. ಅಲ್ಲಿ ಅವನು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರಬೇಕು.

ಕಾಯಲಿ.